ಕವರಿಗೆ ಸಂದ ಹೊಗಳಿಕೆ

ನರ್ಸ್ ಸೆವ್ರಿನ್ ಬಾಯಿಯವರ ಫೋನು ಮಧ್ಯಮ ಬೆಲೆಯದಾದರೂ ಗಟ್ಟಿಮುಟ್ಟಾಗಿತ್ತು. ಕೊಂಡ ದಿನವೇ ಅದಕ್ಕೆ ತೊಡಿಸಿದ್ದ ರಬ್ಬರ್ ಕವರು ಮಾತ್ರ ದಿನವೂ ಜಂಭ ಕೊಚ್ಚುತ್ತಿತ್ತು: "ನಾನಿರುವುದಕ್ಕೆ ನೀನು ಬದುಕಿದ್ದೀಯಪ್ಪ."

"ನೀನು ಮೈಮೇಲಿಂದ ಇಳಿದರಲ್ಲವೇ ನನ್ನ ಗಟ್ಟಿತನ ಯಾರಿಗಾದರೂ ಕಾಣುವುದು?" ಎಂದು ಫೋನು ಸಿಡುಕಿತು.

ಎರಡು ವರ್ಷಕ್ಕೆ ಕವರು ಹರಿದು ಕಸದ ಬುಟ್ಟಿ ಸೇರಿತು. ಮರುದಿನವೇ ಫೋನು ಬರಿಮೈಯಲ್ಲಿ ಆಸ್ಪತ್ರೆಯ ಮೆಟ್ಟಿಲುಗಳ ಮೇಲೆ ಉರುಳಿ ಬಿತ್ತು. ಒಂದು ಗೀರೂ ಆಗಲಿಲ್ಲ. ಈಗಲಾದರೂ ನ್ಯಾಯ ಸಿಕ್ಕೀತೆಂದು ಅದು ಕಾಯುತ್ತಿತ್ತು.

ಸೆವ್ರಿನ್ ಬಾಯಿ ಅದನ್ನು ಒರೆಸುತ್ತ ಗೆಳತಿಗೆ ಹೇಳಿದರು: "ಎರಡು ವರ್ಷ ಆ ಕವರು ಹಾಕಿದ್ದಕ್ಕೇ ನೋಡು, ಇಷ್ಟು ಗಟ್ಟಿಯಾಗಿದೆ. ಅಂಥದ್ದೇ ಇನ್ನೊಂದು ತರಬೇಕು."

ಸಂಜೆ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹೊಸ ಕವರಿನ ದುಡ್ಡನ್ನು ಹಲ್ಲು ಕಚ್ಚಿಕೊಂಡು ಕಳಿಸಿದ್ದೂ ಆ ಫೋನೇ.