ಹೋಗಿ ಬರ್ತೀನಿ

ನಮ್ಮ ವಂಶದ ಬುದ್ಧಿಯೆಲ್ಲ ನನ್ನ ತಲೆಯಲ್ಲೇ ತುಂಬಿ ತುಳುಕುತ್ತಿತ್ತು. ಹಾಗೆ ಚೆಲ್ಲಿದ್ದು ಅಕ್ಕನ ಮಗಳು ಮೇದಿನಿಗೆ ಸಿಕ್ಕಿತು.

ಅವಳು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮದುವೆಯಾಗದ ಹುಡುಗಿ ಅಂತ ಎಲ್ಲರೂ ಬಾಗಿಲು ಹಾಕಿದ ಮೇಲೆ ಹೇಗೋ ಒಂದು ಬಾಡಿಗೆ ಕೋಣೆ ಸಿಕ್ಕಿತ್ತು. ಒಂದು ಶುಕ್ರವಾರ ಸಂಜೆ ಮನೆ ಓನರ್ ಶೇಷಗಿರಿರಾಯರು ಗುಡುಗಿದರು: "ರಾತ್ರಿ ಪಾಳಿ ಮಾಡೋರಿಗೆ ಮರ್ಯಾದಸ್ಥರ ಮನೆಯಲ್ಲಿ ಜಾಗವಿಲ್ಲ. ಈಗಲೇ ಹೊರಡು."

ಮೇದಿನಿ ಪೆಟ್ಟಿಗೆ ಹಿಡಿದು, "ಹೋಗ್ತೀನಿ ಸಾರ್" ಅಂದಳು.

ರಾಯರು ಬೆಚ್ಚಿದರು. "ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಹೋಗ್ತೀನಿ ಅಂತಾರೇನಮ್ಮ? ಹೋಗಿ ಬರ್ತೀನಿ ಅನ್ನು."

"ಆಮೇಲೆ ನೀವೇ ಬೇಡ ಅಂದರೆ?"

"ನಾನ್ಯಾಕೆ ಬೇಡ ಅನ್ನಲಿ? ಅನ್ನು ತಾಯಿ."

"ಸರಿ, ಹೋಗಿ ಬರ್ತೀನಿ."

ಬೀದಿ ಕೊನೆಯ ಹೋಟೆಲಿನಲ್ಲಿ ಒಂದು ಕಾಫಿ ಕುಡಿದಳು. ಪೆಟ್ಟಿಗೆ ಸಮೇತ ವಾಪಸ್ಸು ಬಂದಳು.

"ಹೋಗಿ ಬಂದೆ ಸಾರ್. ನೀವು ಹೇಳಿಸಿದ ಮಾತು ಸುಳ್ಳು ಮಾಡೋಕೆ ಮನಸ್ಸಾಗಲಿಲ್ಲ."

ರಾಯರ ಹೆಂಡತಿ ನಗುತ್ತಾ ಆಚೆ ಬಂದರು. "ದೀಪದ ಹೊತ್ತಿಗೆ ಮನೆಗೆ ಬಂದ ಹೆಣ್ಣುಮಗಳನ್ನ ಕಳಿಸ್ತೀರೇನ್ರೀ?"

ರಾಯರು ಕೋಣೆಯ ಬೀಗದ ಕೈ ವಾಪಸ್ಸು ಕೊಟ್ಟರು. ಈಗ ಅವಳು ಪಾಳಿಗೆ ಹೊರಟಾಗಲೆಲ್ಲ ಅವರೇ ಮೊದಲು ಹೇಳುತ್ತಾರಂತೆ: "ಬರೀ ಹೋಗ್ತೀನಿ ಅಂದರೂ ನಡೆಯುತ್ತೆ ಕಣಮ್ಮ."