ಎರೆಗೆರೆಯ ಬಾಣಂತಿ ಮಂಟಪ

ಎರೆಗೆರೆಯ ಕೆರೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಏರಿಯ ನಡುವೆ, ನೀರು ಹೊರಹೋಗುವ ತೂಬಿನ ನೆತ್ತಿಯ ಮೇಲೆ ನಿಂತಿರುವ ಕಲ್ಲಿನ ಮಂಟಪ. ಕಂಬಗಳಲ್ಲಿ ಕೆತ್ತನೆಯಿಲ್ಲ, ಒಳಗೆ ದೇವರಿಲ್ಲ. ಚಾವಣಿ ಮಾತ್ರ ಅಡುಗೆಮನೆಯ ಅಟ್ಟದಂತೆ ಹೊಗೆ ಹಿಡಿದು ಕಪ್ಪಾಗಿದೆ. ಎದುರಿಗೆ ಪುರಾತತ್ವ ಇಲಾಖೆಯವರು ಎರಡು ಕಬ್ಬಿಣದ ಕಂಬ ನೆಟ್ಟು ಫಲಕ ನಿಲ್ಲಿಸಿದ್ದಾರೆ: 'ಪಾಳು ಮಂಟಪ. ಮೂರನೆಯ ದರ್ಜೆ. ವಾಸವಿಲ್ಲ, ಪೂಜೆಯಿಲ್ಲ.' ಹಳೆಯ ಕಟ್ಟಡಗಳನ್ನು ಹೀಗೆ ಹೆಸರಿಟ್ಟು ವಿಂಗಡಿಸಬೇಕೆಂದು ಅವರಿಗೆ ನಿಯಮವಿದೆಯಂತೆ. ಇರಲಿ. ಆದರೆ ಇದನ್ನು ಪಾಳು ಎಂದು ಮೊದಲು ಕರೆದವರು ಅವರಲ್ಲ, ಮೊದಲು ಕರೆದವನಿಗೇ ಅದು ದಕ್ಕಲಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಆಳುತ್ತಿದ್ದ ಪಾಳೆಯಗಾರನಿಗೆ ಕೋಟೆಗೆ ಇನ್ನೊಂದು ಸುತ್ತು ಕಟ್ಟಿಸುವ ಹುಚ್ಚು ಹಿಡಿಯಿತು. ಹೊಸ ಕಲ್ಲು ಒಡೆಸುವುದಕ್ಕಿಂತ ಇದ್ದ ಕಲ್ಲು ಕಿತ್ತು ತರುವುದು ಸುಲಭವೆಂದು ಅವನ ಅಧಿಕಾರಿ ಕೆಂಚರಸಯ್ಯ ಊರೂರು ತಿರುಗಿ ಕಟ್ಟಡಗಳನ್ನು ವಿಂಗಡಿಸಿದ. ಅವನ ಬಳಿ ಇದ್ದದ್ದು ಮೂರೇ ಮಾತು. ಪೂಜೆ ನಡೆದರೆ ಗುಡಿ, ಒಲೆ ಉರಿದರೆ ಮನೆ, ಎರಡೂ ಇಲ್ಲದಿದ್ದರೆ ಪಾಳು. ಗುಡಿಯನ್ನೂ ಮನೆಯನ್ನೂ ಮುಟ್ಟುವಂತಿಲ್ಲ. ಪಾಳಿನ ಕಂಬಕ್ಕೆ ಸುಣ್ಣದ ಗೀಟು ಬಿದ್ದರೆ ಅದರ ಕಲ್ಲೆಲ್ಲ ಕೋಟೆಗೆ. ನಮ್ಮ ಮಂಟಪದಲ್ಲಿ ದಾರಿಹೋಕರು ಮಲಗುತ್ತಿದ್ದರು, ದನ ಕಾಯುವವರು ಬುತ್ತಿ ಬಿಚ್ಚುತ್ತಿದ್ದರು. ಅದೆಲ್ಲ ಅವನ ಲೆಕ್ಕಕ್ಕೆ ಬರಲಿಲ್ಲ. ಗೀಟು ಬಿತ್ತು. ತೂಬಿನ ಮೇಲಿನ ಈ ಭಾರ ತೆಗೆದರೆ ಮೊದಲ ಮಳೆಗೇ ಏರಿ ಒಡೆದು ಊರು ಕೊಚ್ಚಿಹೋಗುತ್ತದೆ ಎಂದು ಹಿರಿಯರು ಕೈಮುಗಿದು ಹೇಳಿದರು. ಕೆಂಚರಸಯ್ಯ "ಪಾಳು ಅಂದ್ರೆ ಪಾಳು" ಎಂದು ಕುದುರೆ ಹತ್ತಿದ.

ಕೆರೆಯ ನೀರು ಬಿಡುವ ನೀರಗಂಟಿಯ ಹೆಂಡತಿ ದುರುಗವ್ವ ಆಗ ಚೊಚ್ಚಲ ಬಸುರಿ, ದಿನ ಹತ್ತಿರವಾಗಿತ್ತು. ಹೆರಿಗೆಗೆಂದು ತವರಿಗೆ ಹೊರಟ ಗಾಡಿ ಏರಿಯ ಮೇಲೆ ಬರುತ್ತಿದ್ದಂತೆ ಅವಳು ಗಾಡಿ ನಿಲ್ಲಿಸಿದಳು. ಹಾಸಿಗೆಯ ಸುರುಳಿ ಇಳಿಸಿಕೊಂಡು ಮಂಟಪದೊಳಗೆ ಹೋಗಿ ಕುಳಿತೇಬಿಟ್ಟಳು. "ಬಯಲಾಗೆ ಹೆರ್ತೀಯೇನೆ? ನಿನಗೇನು ಮನೆ ಇಲ್ವಾ?" ಎಂದು ಅತ್ತೆ ಎದೆ ಬಡಿದುಕೊಂಡಳು. "ಇದೇ ನನ್ನ ಮನೆ ಕಣತ್ತೆ. ಒಲೆ ಹೂಡು," ಎಂದಳು ದುರುಗವ್ವ. ಅವಳಿಗೆ ಹೆದರಿಕೆಯಿರಲಿಲ್ಲ ಎಂದರೆ ಸುಳ್ಳಾದೀತು. ಕೆರೆಯ ಗಾಳಿಗೆ ರಾತ್ರಿಯೆಲ್ಲ ನಡುಗಿದಳು, ಆದರೆ ಏಳಲಿಲ್ಲ.

ಹಾರೆ, ಹಗ್ಗ, ಎತ್ತುಗಳೊಡನೆ ಕೆಲಸದವರು ಬಂದಾಗ ಕಂಬದಿಂದ ಕಂಬಕ್ಕೆ ಕಂಬಳಿ ಕಟ್ಟಿತ್ತು, ಒಳಗೆ ಕೂಸು ಅಳುತ್ತಿತ್ತು. ಬಾಣಂತಿಯ ಕೋಣೆಗೆ ಪರಗಂಡಸರು ಕಾಲಿಡುವುದುಂಟೆ? ಅವರು ಹಾರೆ ಕೆಳಗಿಟ್ಟರು. ಕೆಂಚರಸಯ್ಯ ಗೀಟು ತೋರಿಸಿ ಕೂಗಾಡಿದ. "ಒಲೆ ಉರೀತೈತೆ, ಕೂಸು ಅಳ್ತೈತೆ. ಇದು ಪಾಳೋ ಮನೆಯೋ ನೀವೇ ಹೇಳ್ರಿ ಸ್ವಾಮಿ," ಎಂದಳಂತೆ ದುರುಗವ್ವ ಕಂಬಳಿಯ ಹಿಂದಿನಿಂದ. ಅವನ ನಿಯಮವೇ ಅವನ ಬಾಯಿ ಮುಚ್ಚಿಸಿತು. ಆದರೂ ಸೋಲೊಪ್ಪದೆ, ಬಾಣಂತನ ಮುಗಿಯಲಿ ಎಂದು ಏರಿಯ ಕೆಳಗೆ ಡೇರೆ ಹಾಕಿಸಿ ಕುಳಿತ. ದುರುಗವ್ವ ಕೂಸನ್ನೆತ್ತಿಕೊಂಡು ಹೊರಬಂದ ದಿನವೇ ಕುಂಬಾರರ ಸಣ್ಣೀರಿ ಹಾಸಿಗೆ ಹೊತ್ತು ಒಳಹೋದಳು. ಅವಳ ಬೆನ್ನಿಗೆ ಗೌಡರ ಸೊಸೆ. ಮನೆಯಲ್ಲಿ ಮಂಚ, ತೊಟ್ಟಿಲು ಎಲ್ಲ ಇದ್ದೂ ಬಂದಳು. ಊರೆಂದ ಮೇಲೆ ಬಸುರಿಯರಿಗೇನು ಬರ? ಕೆಂಚರಸಯ್ಯನ ಡೇರೆಗೆ ಗೆದ್ದಲು ಹತ್ತಿತು. ಬಾಣಂತಿಯರಿಗೆ ಕುಟ್ಟುವ ಖಾರದ ಘಾಟಿಗೆ ಸೀನಿ ಸೀನಿ ಅವನ ಮೂಗು ಕೆಂಪಾಯಿತು. ಕೊನೆಗೊಂದು ದಿನ ಬರಿಗೈಯಲ್ಲಿ ಎದ್ದು ಹೋದ ಎನ್ನುತ್ತಾರೆ. ಅಂದಿನಿಂದ ಇದು ಬಾಣಂತಿ ಮಂಟಪ.

ಈಗ ಹೆರಿಗೆಯೆಲ್ಲ ಆಸ್ಪತ್ರೆಯಲ್ಲಿ. ಆದರೂ ನಮ್ಮೂರ ಬಾಣಂತಿ ಮನೆ ಸೇರುವ ಮೊದಲು ಇಲ್ಲಿ ಇಳಿದು, ಒಲೆ ಹೂಡಿಸಿ, ಕೂಸಿನೊಡನೆ ಒಂದು ಹಗಲು ಕಳೆದೇ ಮುಂದೆ ಹೋಗುತ್ತಾಳೆ. ಫಲಕ ನೆಡಲು ಬಂದ ಅಧಿಕಾರಿಗೆ ಇದನ್ನೆಲ್ಲ ನಾನೇ ಹೇಳಿದೆ. "ನಮ್ಮ ದರ್ಜೆಗಳಲ್ಲಿ ಇದಕ್ಕೆ ಪದ ಇಲ್ಲ ಅಜ್ಜಾರೆ," ಎಂದರು. "ಪದ ನಮ್ಮತ್ರ ಐತೆ, ತಗೊಳ್ರಿ" ಎಂದೆ. ತೆಗೆದುಕೊಳ್ಳಲಿಲ್ಲ. ನನಗೆ ಸಿಟ್ಟು ಬಂದದ್ದು ನಿಜ. ನಮ್ಮ ಹೆಣ್ಣುಮಕ್ಕಳು ಸಿಟ್ಟು ಮಾಡಿಕೊಳ್ಳಲಿಲ್ಲ. ಫಲಕದ ಆ ಎರಡು ಕಬ್ಬಿಣದ ಕಂಬಗಳಿಗೆ ಹಗ್ಗ ಬಿಗಿದು ಕೂಸಿನ ಬಟ್ಟೆ ಒಣಹಾಕುತ್ತಾರೆ. ಮಂಟಪ ನೋಡಲು ಬಂದವರು ಅಲ್ಲಿ ಬರೆದದ್ದನ್ನು ಓದಬೇಕೆಂದರೆ ಬಟ್ಟೆ ಒಣಗುವವರೆಗೆ ಕಾಯಬೇಕು.