ಗಾಳಿಗೆ ಪಟ್ಟು ಕಲಿಸಿದ ಹುಲಿಗೆವ್ವ

ಆಗ ಬೆಟ್ಟಗಳು ಇನ್ನೂ ಹಸಿಯಾಗಿದ್ದವು, ಮಗು. ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಯಾವ ಕಡೆಗೆ ಹರಿಯಬೇಕು ಎಂಬುದು ಹೊಳೆಗೆ ಸರಿಯಾಗಿ ಗೊತ್ತಿರಲಿಲ್ಲ. ಚಂದ್ರ ಕೆಲವು ಸಲ ಹಗಲೇ ಬಂದುಬಿಡುತ್ತಿದ್ದ, ಸೂರ್ಯನನ್ನು ಕಂಡು ನಾಚಿ ಹಿಂದಕ್ಕೆ ಹೋಗುತ್ತಿದ್ದ.

ಆ ಕಾಲದಲ್ಲಿ ಗಾಳಿ ಇನ್ನೂ ಹುಡುಗ. ಅವನಿಗೆ ತಿರುಗಲು ಬರುತ್ತಿರಲಿಲ್ಲ. ನೇರವಾಗಿ ಬರುತ್ತಿದ್ದ, ಎದುರಿಗೆ ಸಿಕ್ಕಿದ್ದಕ್ಕೆ ಗುದ್ದುತ್ತಿದ್ದ, ನೇರವಾಗಿ ಹೊರಟುಹೋಗುತ್ತಿದ್ದ. ಮರಕ್ಕೆ ಗುದ್ದಿದರೆ ಮರ ಬೀಳುತ್ತಿತ್ತು. ಗುಡಿಸಲಿಗೆ ಗುದ್ದಿದರೆ ಗುಡಿಸಲು ಹಾರುತ್ತಿತ್ತು. ಚಿಟ್ಟೆಯ ಹತ್ತಿರ ಹೋದರೆ ಅಲ್ಲಿ ಚಿಟ್ಟೆಯೇ ಇರುತ್ತಿರಲಿಲ್ಲ.

“ಯಾಕೋ ಹಿಂಗ ಎಲ್ಲಾರಿಗೂ ಬಡೀತಿ?” ಎಂದು ಹೊಳೆ ಕೇಳಿತು.

“ಬಡಿಯಾಕ ಹೋಗೂದಿಲ್ಲ. ಮಾತಾಡಸಾಕ ಹೋಗ್ತೀನಿ. ನಾ ಮುಟ್ಟಿದ್ದೆಲ್ಲ ಓಡಿ ಹೋಗ್ತೈತಿ,” ಎಂದ ಗಾಳಿ.

ಹೊಳೆಗೆ ಪಾಪ ಅನ್ನಿಸಿತು. ಏನಾದರೂ ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಗಾಳಿ ಆಚೆಯ ಗುಡ್ಡ ದಾಟಿ ಹೋಗಿಯಾಗಿತ್ತು.

ಆ ಹೊಳೆಯ ಪಕ್ಕದ ಕೆಂಪು ಬಯಲಿನಲ್ಲಿ ಮುದೆಪ್ಪ ಎಂಬವನು ಇದ್ದ. ಅವನ ಜೊತೆ ಅವನ ಮಗಳು ಹುಲಿಗೆವ್ವ. ಹುಲಿಗೆವ್ವನಿಗೆ ಒಂದು ಕೂಸು, ಹೆಸರು ಸಣ್ಣವ್ವ. ಹುಲಿಗೆವ್ವನ ಗಂಡ ಕುರಿ ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೋಗಿದ್ದ.

ಮುದೆಪ್ಪನ ಗುದ್ದು ಅಂದರೆ ಗುದ್ದು! ಹಿಂದೊಮ್ಮೆ ಹಟ್ಟಿಗೆ ನುಗ್ಗಿದ ತೋಳದ ಮೂತಿಗೆ ಒಂದು ಕೊಟ್ಟಿದ್ದ. ಆ ತೋಳ ಮತ್ತೆಂದೂ ಆ ಬಯಲಿಗೆ ಕಾಲಿಡಲಿಲ್ಲ. ಸಂಜೆಯಾದರೆ ಮಗಳಿಗೂ ಅದನ್ನೇ ಕಲಿಸುತ್ತಿದ್ದ. “ಕಾಲು ಗಟ್ಟಿ ಊರು. ಮುಷ್ಟಿ ಬಿಗಿ ಹಿಡಿ. ಹೊಡಿ, ಹಿಂದಕ್ಕ ಸರಿ.”

ಹುಲಿಗೆವ್ವನಿಗೆ ಹೊಡೆಯಲು ಬರುತ್ತಿತ್ತು. ಆದರೆ ಹಿಡಿಯುವುದು ಅವಳಿಗೆ ಹೆಚ್ಚು ಇಷ್ಟ. ಹೋರಿಗರುಗಳನ್ನು ಪಳಗಿಸುವ ಕೆಲಸ ಅವಳದು. ಓಡುವ ಕರುವನ್ನು ಹಿಂದಕ್ಕೆ ಎಳೆದರೆ ಅದು ಇನ್ನೂ ಜೋರಾಗಿ ಎಳೆಯುತ್ತದೆ. ಅವಳು ಎಳೆಯುತ್ತಿರಲಿಲ್ಲ. ಕರುವಿನ ಜೊತೆಗೇ ಒಂದಷ್ಟು ದೂರ ಓಡಿ, ಕುತ್ತಿಗೆಗೆ ತೋಳು ಹಾಕಿ, ಮೆಲ್ಲಗೆ ಒಂದು ಕಡೆಗೆ ತಿರುಗಿಸುತ್ತಿದ್ದಳು. ಕರು ತನ್ನ ಓಟದಲ್ಲಿ ತಾನೇ ಸುತ್ತಿ, ಸುತ್ತಿ, ದಣಿದು, ಅವಳಿಗೆ ಒರಗಿ ನಿಲ್ಲುತ್ತಿತ್ತು.

ಮುದೆಪ್ಪ ನೋಡಿ ನಗುತ್ತಿದ್ದ. “ತೋಳ ಬಂದರೂ ಹಿಂಗ ತೆಕ್ಕಿ ಬಡೀತಿಯೇನ?”

“ತೋಳ ಬಂದರ ಗುದ್ದತೀನಿ ಯಪ್ಪಾ. ಕರುವಿಗೆ ಯಾಕ ಗುದ್ದಲಿ?”

ಮುದೆಪ್ಪ ಗಡ್ಡ ಕೆರೆದುಕೊಂಡ. ಬೇರೆ ಮಾತು ತೆಗೆದ.

ಒಂದು ಮಧ್ಯಾಹ್ನ ಬಯಲೆಲ್ಲ ತೂಕಡಿಸುತ್ತಿತ್ತು. ಜಾಲಿ ಮರದ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿ ಹುಲಿಗೆವ್ವ ಕೂಸನ್ನು ಮಲಗಿಸಿದ್ದಳು. ಗುಡ್ಡದ ನೆತ್ತಿಯ ಮೇಲಿಂದ ಗಾಳಿ ಅದನ್ನು ಕಂಡ. ಅಷ್ಟು ಪುಟ್ಟ ಮುಖವನ್ನು ಅವನು ಎಲ್ಲೂ ನೋಡಿರಲಿಲ್ಲ. ಹತ್ತಿರದಿಂದ ನೋಡಬೇಕು ಅನ್ನಿಸಿತು.

ಬಂದ. ನೇರವಾಗಿಯೇ ಬಂದ.

ಕೊಂಬೆ ಮುರಿಯಿತು. ಜೋಳಿಗೆ ಕೂಸಿನ ಸಮೇತ ಮೇಲಕ್ಕೆದ್ದು ಹೊಳೆಯ ಕಡೆಗೆ ಹಾರಿತು. ಹೊಳೆ ಹೆದರಿ ಕೂಗಿತು, “ಬ್ಯಾಡೋ, ನಂಗ ಕೂಸು ಹಿಡಿಯಾಕ ಬರೂದಿಲ್ಲ!” ನಿಲ್ಲಬೇಕೆಂದು ಗಾಳಿಗೂ ಅನ್ನಿಸಿತು. ಆದರೆ ನಿಲ್ಲುವುದು ಹೇಗೆಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು?

ಮುದೆಪ್ಪ ಓಡಿ ಹೋಗಿ ಅಡ್ಡ ನಿಂತ. ಕಾಲು ಊರಿದ. ಇದ್ದ ಬಲವನ್ನೆಲ್ಲ ಕೂಡಿಸಿ ಗಾಳಿಯ ಎದೆಗೆ ಗುದ್ದಿದ. ಮುಷ್ಟಿ ನೀರಿನೊಳಗೆ ಹೋದಂತೆ ಹೋಗಿ ಆಚೆ ಬಂತು. ಆ ರಭಸಕ್ಕೆ ಅವನ ಹೆಗಲ ಕೀಲೇ ತಪ್ಪಿತು. ಅವನು ಮೊಣಕಾಲಿನ ಮೇಲೆ ಕುಸಿದ.

“ಹುಲಿಗೀ! ಇವಗ ಮೈಯೇ ಇಲ್ಲಬೇ!”

ಹುಲಿಗೆವ್ವ ಅಡ್ಡ ನಿಲ್ಲಲಿಲ್ಲ. ಗಾಳಿಯ ಪಕ್ಕದಲ್ಲೇ ಓಡಿದಳು. ಅವಳ ಕಣ್ಣು ಜೋಳಿಗೆಯ ಮೇಲಿತ್ತು. ಮೈಯಿಲ್ಲದವನನ್ನು ಹಿಡಿಯುವುದು ಹೇಗೆ? ಓಡುತ್ತಲೇ ಬಗ್ಗಿ ಒಂದು ಬೊಗಸೆ ಕೆಂಪು ಮಣ್ಣು ಬಾಚಿ ಅವನ ಮೇಲೆ ಎರಚಿದಳು.

ಮಣ್ಣು ಗಾಳಿಗೆ ಅಂಟಿಕೊಂಡಿತು. ಮೊದಲು ಹೆಗಲು ಕಂಡಿತು. ಆಮೇಲೆ ಬೆನ್ನು. ಆಮೇಲೆ ಸಣ್ಣ ನಡು.

“ಅಯ್ಯ, ಇವಾ ಇನ್ನೂ ಹುಡುಗ!” ಎಂದಳು ಹುಲಿಗೆವ್ವ. ಆ ನಡುವಿಗೆ ತೋಳು ಹಾಕಿದಳು. ಅವನ ಜೊತೆಗೇ ಒಂದಷ್ಟು ಓಡಿ, ಮೆಲ್ಲಗೆ ಒಂದು ಕಡೆಗೆ ವಾಲಿದಳು.

ಗಾಳಿ ತಿರುಗಿದ. ಹುಟ್ಟಿದಾಗಿನಿಂದ ಮೊದಲ ಸಲ ತಿರುಗಿದ.

ಬೆಟ್ಟ ತಿರುಗಿತು. ಹೊಳೆ ತಿರುಗಿತು. ಆಕಾಶ ಒಂದು ನೀಲಿ ಬಟ್ಟಲಿನ ಹಾಗೆ ಅವರ ತಲೆಯ ಮೇಲೆ ತಿರುಗಿತು. ಅವನ ಓಟವೆಲ್ಲ ಅವನ ಸುತ್ತಲೇ ನೂಲಿನ ಹಾಗೆ ಸುತ್ತಿಕೊಂಡಿತು. ಸುತ್ತು ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು. ಜೋಳಿಗೆ ಬೂರುಗದ ಅರಳೆಯಂತೆ ತೇಲುತ್ತ, ತೇಲುತ್ತ ಕೆಳಗಿಳಿಯಿತು. ಹುಲಿಗೆವ್ವ ಒಂದು ಕೈಯಲ್ಲಿ ಕೂಸನ್ನು ಎದೆಗವಚಿಕೊಂಡಳು. ಇನ್ನೊಂದು ಕೈಯನ್ನು ಗಾಳಿಯ ತಲೆಯ ಕೆಳಗೆ ಕೊಟ್ಟು ಅವನನ್ನು ನೆಲಕ್ಕೆ ಮಲಗಿಸಿದಳು.

ಸಣ್ಣವ್ವ ಅಳಲಿಲ್ಲ. ಸೀನಿದಳು.

ಗಾಳಿ ಕಣ್ಣು ಮುಚ್ಚಿಕೊಂಡು, “ಹೊಡಿ ಯಕ್ಕಾ,” ಎಂದ.

“ನನ್ನ ಕೂಸು ನನಗ ಸಿಕ್ತು. ಇನ್ನ ಹೊಡದು ಏನ ಮಾಡಲಿ?”

“ಮತ್ತ ನನ್ನ ತಲಿ ಕೆಳಗ ಕೈ ಯಾಕ ಇಟ್ಟಿ?”

“ಅಲ್ಲಿ ಕಲ್ಲಿತ್ತೋ ತಮ್ಮಾ.”

ಗಾಳಿಯನ್ನು ಅದುವರೆಗೆ ಯಾರೂ ಹಿಡಿದಿರಲಿಲ್ಲ. ಬಹಳ ಹೊತ್ತು ಹಾಗೇ ಮಲಗಿದ್ದ. ಆ ಮಧ್ಯಾಹ್ನ ಲೋಕದಲ್ಲಿ ಎಲ್ಲೂ ಒಂದು ಎಲೆ ಅಲುಗಲಿಲ್ಲ, ಹೊಳೆಯ ಮೇಲೆ ಒಂದು ಗೆರೆ ಮೂಡಲಿಲ್ಲ. ಕೊನೆಗೆ ಎದ್ದು ಕೂತು, “ಇದನ್ನ ನನಗ ಕಲಿಸಿಕೊಡ ಯಕ್ಕಾ,” ಎಂದ.

ಹುಲಿಗೆವ್ವ ಅಪ್ಪನ ಮುಖ ನೋಡಿದಳು. ಮುದೆಪ್ಪ ಜೋತುಬಿದ್ದ ತೋಳನ್ನು ಹಿಡಿದುಕೊಂಡು ಕೂತಿದ್ದ.

“ಕಲಿಸವ್ವಾ,” ಎಂದ. “ನನ್ನ ಕಡೆ ಕಲಿತರ ಇನ್ನೂ ಜೋರು ಬಡೀತಾನ ಅಂವ.”

ಹಾಗೆ ಶುರುವಾಯಿತು ಪಾಠ. ಬೇಸಿಗೆಯಲ್ಲಿ, ರಾಶಿ ಮುಗಿದು ಕಣ ಖಾಲಿಯಾದ ಮೇಲೆ, ಮಧ್ಯಾಹ್ನದ ಹೊತ್ತು. ಮೊದಲು ಮೈಗೆ ಮಣ್ಣು. “ನೀ ಬಂದದ್ದು ಎದರಿನವರಿಗೆ ಕಾಣಬೇಕು,” ಎನ್ನುತ್ತಿದ್ದಳು ಹುಲಿಗೆವ್ವ. ಆಮೇಲೆ ಹಿಡಿಯುವುದು, ಆಮೇಲೆ ತಿರುಗುವುದು. ಎಲ್ಲಕ್ಕಿಂತ ಕಷ್ಟ ಕೆಳಗಿಡುವುದು. ಗಾಳಿ ಒಮ್ಮೆ ಹುಂಜವನ್ನು ಹಿಡಿದು ಎಷ್ಟು ಸುತ್ತಿಸಿದನೆಂದರೆ, ಪಾಪ, ಅದು ಸಂಜೆಯಲ್ಲೇ ಬೆಳಗಾಯಿತೆಂದು ಕೂಗಿತು. ಮುದೆಪ್ಪ ಬಿದ್ದು ಬಿದ್ದು ನಕ್ಕ. ಒಣ ಎಲೆಗಳನ್ನು ಹಿಡಿದು ಕಲಿ ಎಂದ.

ಮಳೆಗಾಲ ಬಂದರೆ ಗಾಳಿಗೆ ಅವಸರ. ಮೋಡಗಳನ್ನು ಊರೂರಿಗೆ ಹೊಡೆದುಕೊಂಡು ಹೋಗಬೇಕು. ಆ ಅವಸರದಲ್ಲಿ ಕಲಿತದ್ದು ಮರೆತು ಮತ್ತೆ ಗುದ್ದುತ್ತಿದ್ದ, ಮರ ಬೀಳಿಸುತ್ತಿದ್ದ. ಬೇಸಿಗೆಗೆ ತಲೆ ತಗ್ಗಿಸಿಕೊಂಡು ಕಣಕ್ಕೆ ಬರುತ್ತಿದ್ದ.

“ಮತ್ತ ಬಡದಿ, ಹೌದಿಲ್ಲೋ?”

“ಹೂಂ.”

“ಬಾ. ಮಣ್ಣು ಹಚ್ಚಿಕೋ.”

ಬೆಟ್ಟಗಳು ಒಣಗಿ ಕಲ್ಲಾದವು. ಮುದೆಪ್ಪ ಹೋದ. ಹುಲಿಗೆವ್ವನ ಕೂದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಒಂದು ಬೇಸಿಗೆ ಗಾಳಿ ಬಂದು ಕಣದಲ್ಲಿ ಕಾದ. ಅವಳು ಬರಲಿಲ್ಲ. ಸಣ್ಣವ್ವ ಬಂದಳು, ಕಂಕುಳಲ್ಲಿ ತನ್ನ ಕೂಸನ್ನು ಎತ್ತಿಕೊಂಡು.

“ಮಾಮಾ,” ಎಂದಳು. “ಅವ್ವ ಈ ಮಣ್ಣಾಗ ಮಲಗ್ಯಾಳ.”

ಗಾಳಿ ಅಂದು ಯಾವುದಕ್ಕೂ ಗುದ್ದಲಿಲ್ಲ. ಬಗ್ಗಿ ಆ ಮಣ್ಣನ್ನು ಬೊಗಸೆಯಲ್ಲಿ ತೆಗೆದುಕೊಂಡ. ಹೆಗಲಿಗೆ, ಬೆನ್ನಿಗೆ, ನಡುವಿಗೆ ಹಚ್ಚಿಕೊಂಡ. ಯಾರನ್ನೋ ಹಿಡಿದವನ ಹಾಗೆ ತೋಳು ಚಾಚಿ, ಖಾಲಿ ಕಣದಲ್ಲಿ ಒಬ್ಬನೇ ತಿರುಗತೊಡಗಿದ. ಸಣ್ಣವ್ವನ ಕೂಸು ಅದನ್ನು ನೋಡಿ ಕೈ ಬಡಿಯಿತು.

ಅದಕ್ಕೇ ಮಗು, ಇವತ್ತಿಗೂ ಬೇಸಿಗೆಯ ಮಧ್ಯಾಹ್ನ ಊರೆಲ್ಲ ಮಲಗಿರುವಾಗ, ಬಟಾಬಯಲಿನಲ್ಲಿ ಸುಳಿಗಾಳಿ ಮೈತುಂಬ ಕೆಂಪು ಮಣ್ಣು ಹಚ್ಚಿಕೊಂಡು ಏಳುತ್ತದೆ, ಒಣ ಎಲೆಗಳನ್ನು ತಬ್ಬಿ ಸುತ್ತಿ ಸುತ್ತಿ ಒಂದಷ್ಟು ದೂರ ನಡೆಯುತ್ತದೆ, ಆಮೇಲೆ ಅವನ್ನು ನೋವಾಗದ ಹಾಗೆ ನೆಲಕ್ಕಿಟ್ಟು ಸುಮ್ಮನಾಗುತ್ತದೆ.